ರಕ್ತಕಣಗಳ ಕ್ಷ-ಕಿರಣ ಸೂಕ್ಷ್ಮದರ್ಶನ

ಬೆಳಕಿನ ಬದಲು ಕ್ಷ-ಕಿರಣಗಳನ್ನು ಹಾಯಿಸಿ ಕೆಂಪು ರಕ್ತಕಣ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳ ಒಳರಚನೆಯನ್ನು ಹಿಗ್ಗಿಸಿ ನೋಡುವ ವಿಧಾನ. ಕಣವನ್ನು ಕೊಯ್ಯದೆ, ಒಣಗಿಸದೆ, ಬಣ್ಣ ಹಚ್ಚದೆ ಇಡಿಯಾಗಿ ನೋಡಲು ಇದರಲ್ಲಿ ಸಾಧ್ಯ. ಚಿತ್ರದಲ್ಲಿ ಒಂದು ಜಾಗ ಎಷ್ಟು ಕಪ್ಪಾಗಿದೆ ಎಂಬುದರಿಂದ ಅಲ್ಲಿ ಎಷ್ಟು ವಸ್ತು ತುಂಬಿದೆ ಎಂದು ಲೆಕ್ಕ ಹಾಕಬಹುದು. ಸಣ್ಣದನ್ನು ಕಾಣಿಸುವ ಉಪಕರಣಗಳು ಬೇರೆಯೂ ಇವೆ. ಕಂಡದ್ದನ್ನು ಆ ಕ್ಷಣದಲ್ಲೇ ತೂಗಿಯೂ ಕೊಡುವುದು ಈ ವಿಧಾನದ ನಿಜವಾದ ಬೆಲೆ. ರಕ್ತಕಣಗಳ ವಿಷಯದಲ್ಲಿ ಅದು ತಂದ ಹೊಸ ತಿಳಿವಳಿಕೆಯಲ್ಲಿ ಹೆಚ್ಚಿನದು ಈ ತೂಕದ ಲೆಕ್ಕದಿಂದಲೇ ಬಂದಿದೆ.

ಈ ಅಧ್ಯಯನಕ್ಕೆ ಕೆಂಪು ರಕ್ತಕಣದಷ್ಟು ಒಗ್ಗುವ ವಸ್ತು ಇನ್ನೊಂದಿಲ್ಲ. ಆರೋಗ್ಯವಂತ ಮನುಷ್ಯನ ಕೆಂಪು ಕಣ ಎರಡೂ ಕಡೆ ನಡು ತಗ್ಗಿದ ಬಿಲ್ಲೆ. ಅಡ್ಡಳತೆ 7ರಿಂದ 8 ಮೈಕ್ರಾನ್, ಅಂಚಿನ ದಪ್ಪ ಸುಮಾರು 2 ಮೈಕ್ರಾನ್, ಗಾತ್ರ ಸುಮಾರು 90 ಫೆಮ್ಟೊಲೀಟರ್. ಅದರಲ್ಲಿ ನ್ಯೂಕ್ಲಿಯಸ್ ಇಲ್ಲ, ಮೈಟೊಕಾಂಡ್ರಿಯ ಇಲ್ಲ. ಪೊರೆಯೊಳಗೆ ಇರುವುದು ಬಹುಮಟ್ಟಿಗೆ ಒಂದೇ ಪ್ರೋಟೀನು, ಹಿಮೋಗ್ಲೋಬಿನ್. ಒಂದು ಕಣದಲ್ಲಿ ಅದರ ತೂಕ ಸುಮಾರು 30 ಪಿಕೊಗ್ರಾಂ, ಅಣುಗಳ ಸಂಖ್ಯೆ ಸುಮಾರು 27 ಕೋಟಿ. ಪ್ರತಿ ಅಣುವಿನಲ್ಲಿ 4 ಕಬ್ಬಿಣದ ಪರಮಾಣುಗಳು. ಎಲ್ಲ ಸೇರಿದರೆ 100 ಕೋಟಿಗೂ ಮೇಲೆ, ತೂಕದಲ್ಲಿ ಒಂದು ಪಿಕೊಗ್ರಾಮಿನ ಹತ್ತನೆಯ ಒಂದು ಭಾಗ. ಇಷ್ಟು ಏಕರೂಪದ ಕಣದೊಳಗೆ ಹೊಸದಾಗಿ ಏನು ಸೇರಿದರೂ, ಇದ್ದದ್ದರಲ್ಲಿ ಏನು ಕರಗಿದರೂ ಚಿತ್ರದಲ್ಲಿ ಅದು ಮರೆಯಾಗಲಾರದು.

ಬೆಳಕಿಗೂ ಎಲೆಕ್ಟ್ರಾನಿಗೂ ನಡುವೆ

ರಕ್ತಪರೀಕ್ಷೆಯ ಲ್ಯಾಬುಗಳಲ್ಲಿ ಇಂದಿಗೂ ನಡೆಯುವುದು ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಎಳೆದು, ಒಣಗಿಸಿ, ಲೀಶ್ಮನ್ ಅಥವಾ ಗೀಮ್ಸಾ ಬಣ್ಣ ಹಾಕಿ ನೋಡುವ ಕ್ರಮ. ರೋಗ ಪತ್ತೆಗೆ ಅದು ಸಾಕು. ಆದರೆ ಒಣಗಿದ ಕಣ ಚಪ್ಪಟೆಯಾಗಿರುತ್ತದೆ. ಬಣ್ಣ ಹಿಡಿದ ಭಾಗ ಮಾತ್ರ ಕಾಣುತ್ತದೆ. ಮೇಲಾಗಿ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು ಎಂಬುದು 1873ರಲ್ಲಿ ಅರ್ನ್ಸ್ಟ್ ಅಬೆ ತೋರಿಸಿಕೊಟ್ಟ ನಿಯಮದಿಂದ ಹೊರಡುವ ಮಿತಿ. ಪ್ರತಿದೀಪ್ತಿಯ ಹೊಸ ತಂತ್ರಗಳು ಈ ಮಿತಿಯನ್ನು ದಾಟಿವೆ ನಿಜ, ಆದರೆ ಅವು ತೋರಿಸುವುದು ಗುರುತು ಅಂಟಿಸಿದ ಅಣುವನ್ನು ಮಾತ್ರ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ತೊಡಕು ಬೇರೆ ಬಗೆಯದು. ಅದರ ಕಣ್ಣು ಬಹಳ ಚುರುಕು, ಆದರೆ ಎಲೆಕ್ಟ್ರಾನುಗಳು ದಪ್ಪ ವಸ್ತುವನ್ನು ತೂರಿ ಹೋಗಲಾರವು. ಹಾಗಾಗಿ ಕಣವನ್ನು 100 ನ್ಯಾನೊಮೀಟರಿಗಿಂತ ತೆಳ್ಳನೆಯ ಪದರಗಳಾಗಿ ಕೊಯ್ಯಬೇಕು. ಒಂದು ಕೆಂಪು ಕಣವನ್ನು ಅಡ್ಡಲಾಗಿ ಕೊಯ್ದರೆ ನೂರರ ಆಸುಪಾಸು ಪದರಗಳಾಗುತ್ತವೆ. ಅವನ್ನೆಲ್ಲ ಕ್ರಮ ತಪ್ಪದೆ ಜೋಡಿಸಿ ಮತ್ತೆ ಒಂದು ಕಣ ಕಟ್ಟುವುದು ದೊಡ್ಡ ಕೆಲಸ. ಇಡೀ ಕಣವನ್ನು 50 ನ್ಯಾನೊಮೀಟರಿನ ಆಸುಪಾಸಿನ ವಿವರದಲ್ಲಿ ನೋಡಬೇಕೆಂದರೆ ಕ್ಷ-ಕಿರಣ ಸೂಕ್ಷ್ಮದರ್ಶಕದ ಬಳಿಗೇ ಹೋಗಬೇಕು.

ನೀರಿನ ಕಿಟಕಿ

ಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ತೆಗೆಯುವ ಎಕ್ಸ್-ರೇ ಇಲ್ಲಿ ಉಪಯೋಗಕ್ಕೆ ಬಾರದು. ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆ ಕಿರಣಗಳಿಗೆ ಒಂದು ರಕ್ತಕಣ ಇದ್ದೂ ಇಲ್ಲದಂತೆ. ಗುರುತೇ ಉಳಿಯದೆ ಹಾದುಹೋಗುತ್ತವೆ. ಬೇಕಾದದ್ದು 284ರಿಂದ 543 ಎಲೆಕ್ಟ್ರಾನ್ ವೋಲ್ಟ್ ನಡುವಿನ ಮೃದು ಕ್ಷ-ಕಿರಣಗಳು, ಅಂದರೆ 4.4ರಿಂದ 2.3 ನ್ಯಾನೊಮೀಟರ್ ತರಂಗಾಂತರದವು. ಈ ಪಟ್ಟಿಯ ಒಂದು ಅಂಚಿನಲ್ಲಿ ಇಂಗಾಲವೂ ಇನ್ನೊಂದು ಅಂಚಿನಲ್ಲಿ ಆಮ್ಲಜನಕವೂ ಕಿರಣಗಳನ್ನು ಹೀರತೊಡಗುತ್ತವೆ. ನಡುವಿನ ಪಟ್ಟಿಯಲ್ಲಿ ಇಂಗಾಲ ಹೀರಿಕೊಳ್ಳುತ್ತದೆ, ನೀರಿನಲ್ಲಿರುವ ಆಮ್ಲಜನಕ ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಪ್ರೋಟೀನು, ಕೊಬ್ಬು ಮುಂತಾದ ಇಂಗಾಲಭರಿತ ವಸ್ತುಗಳು ಸುತ್ತಲಿನ ನೀರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹೀರುವುದರಿಂದ ನೀರಿನೊಳಗೆ ಇರುವಂತೆಯೇ ಅವು ಕಪ್ಪಾಗಿ ಮೂಡುತ್ತವೆ. ಬಣ್ಣ ಹಚ್ಚಬೇಕಾದ ಕಾರಣವೇ ಉಳಿಯುವುದಿಲ್ಲ. ಈ ಪಟ್ಟಿಗೆ ನೀರಿನ ಕಿಟಕಿ ಎಂದು ಹೆಸರು. ಇದರ ಉಪಯೋಗವನ್ನು 1952ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹಾನ್ಸ್ ವೋಲ್ಟರ್ ಮುಂಗಂಡಿದ್ದ. ಕಿರಣಗಳು ಸುಮಾರು 10 ಮೈಕ್ರಾನ್ ದಪ್ಪದ ನೀರನ್ನು ದಾಟಬಲ್ಲವಾದ್ದರಿಂದ ರಕ್ತಕಣದ ಗಾತ್ರಕ್ಕೂ ಇವಕ್ಕೂ ಒಳ್ಳೆಯ ಹೊಂದಾಣಿಕೆ. ಗಾಳಿಯಲ್ಲಾದರೋ ಇವು ಹೆಚ್ಚು ದೂರ ಸಾಗಲಾರವು. ಉಪಕರಣದ ದಾರಿಯುದ್ದಕ್ಕೂ ನಿರ್ವಾತ ಇರಬೇಕಾಗುತ್ತದೆ.

ಹೀರುವಿಕೆ ಬಿಯರ್-ಲ್ಯಾಂಬರ್ಟ್ ನಿಯಮಕ್ಕೆ ಒಳಪಟ್ಟದ್ದು. ದಾರಿಯಲ್ಲಿ ಸಿಕ್ಕ ವಸ್ತುವಿನ ಜಾತಿ ಮತ್ತು ಪ್ರಮಾಣ ಗೊತ್ತಿದ್ದರೆ ಎಷ್ಟು ಕಿರಣ ಉಳಿದು ಹೊರಬರುತ್ತದೆ ಎಂದು ಹೇಳಬಹುದು. ಹೊರಬಂದದ್ದನ್ನು ಅಳೆದರೆ ವಸ್ತುವಿನ ಪ್ರಮಾಣವನ್ನೂ ಹೇಳಬಹುದು. ಕೆಂಪು ಕಣದಲ್ಲಿ ಹೀರುವ ವಸ್ತು ಬಹುಪಾಲು ಹಿಮೋಗ್ಲೋಬಿನ್ ಒಂದೇ ಆದ್ದರಿಂದ ಈ ಲೆಕ್ಕ ಇನ್ನಾವ ಜೀವಕೋಶಕ್ಕಿಂತಲೂ ಇಲ್ಲಿ ಶುದ್ಧವಾಗಿ ಬರುತ್ತದೆ.

ಉಪಕರಣದ ಬೆಳವಣಿಗೆ

1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ರಾಂಟ್‌ಜೆನ್ ಅವನ್ನು ಮಸೂರದಿಂದ ಬಾಗಿಸಲು ನೋಡಿ, ಆಗದೆಂದು ತನ್ನ ಮೊದಲ ವರದಿಯಲ್ಲೇ ಬರೆದಿದ್ದ. ಗಾಜಿನಲ್ಲಿ ಈ ಕಿರಣಗಳು ಬಾಗುವುದು ತೀರ ಅತ್ಯಲ್ಪ. ಮಸೂರವಿಲ್ಲದೆ ಹಿಗ್ಗಿಸುವುದು ಹೇಗೆ ಎಂಬ ಪ್ರಶ್ನೆಯೇ ಮುಂದಿನ ಎಪ್ಪತ್ತೈದು ವರ್ಷಗಳ ಕಥೆ. 1913ರಲ್ಲಿ ಫ್ರಾನ್ಸಿನ ಪಿಯೇರ್ ಗೋಬಿ ವಸ್ತುವನ್ನು ಫಲಕಕ್ಕೆ ತಾಗಿಸಿ ನೆರಳು ಹಿಡಿದು, ಅದನ್ನು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ದೊಡ್ಡದು ಮಾಡಿದ. 1948ರಲ್ಲಿ ಅಮೆರಿಕದ ಪಾಲ್ ಕರ್ಕ್‌ಪ್ಯಾಟ್ರಿಕ್ ಮತ್ತು ಆಲ್ಬರ್ಟ್ ಬಾಯೆಜ್, ನುಣುಪಾದ ಕನ್ನಡಿಗೆ ಕಿರಣವನ್ನು ಸವರಿದಂತೆ ಓರೆಯಾಗಿ ತಾಗಿಸಿ ಕೂಡಿಸುವ ಉಪಾಯ ಮಾಡಿದರು. ಅದೇ ಕಾಲಘಟ್ಟದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ.ಎನ್. ರಾಮಚಂದ್ರನ್ ಕೂಡ ಕ್ಷ-ಕಿರಣ ಸೂಕ್ಷ್ಮದರ್ಶಕಕ್ಕಾಗಿ ಕಿರಣ ಕೂಡಿಸುವ ಕನ್ನಡಿಯನ್ನು ರೂಪಿಸಿದ್ದರು. ಕೊಲಾಜೆನ್ನಿನ ರಚನೆಗೆ ಹೆಸರಾದ ಅವರ ಕೆಲಸಗಳ ನಡುವೆ ಇದು ಮರೆತೇಹೋದಂತಿದೆ, ನೆನೆಯತಕ್ಕದ್ದು.

ಕೊನೆಗೆ ನಿಂತ ಉಪಾಯ ಫ್ರೆನೆಲ್ ವಲಯ ಫಲಕ. ತೆಳುವಾದ ಪೊರೆಯ ಮೇಲೆ ಚಿನ್ನ ಅಥವಾ ನಿಕ್ಕಲಿನ ಏಕಕೇಂದ್ರ ಉಂಗುರಗಳು. ಹೊರಗೆ ಹೋದಂತೆ ಉಂಗುರ ಕಿರಿದಾಗುತ್ತದೆ. ಒಂದು ಬಿಟ್ಟು ಒಂದು ಉಂಗುರದಿಂದ ಹಾದ ಕಿರಣಗಳು ಒಂದೆಡೆ ಕೂಡಿ ಬಿಂಬ ಕಟ್ಟುತ್ತವೆ. ಎಲ್ಲಕ್ಕಿಂತ ಹೊರಗಿನ ಉಂಗುರ ಎಷ್ಟು ಕಿರಿದೋ ಹೆಚ್ಚುಕಡಿಮೆ ಅಷ್ಟೇ ಸಣ್ಣ ವಿವರ ಚಿತ್ರದಲ್ಲಿ ಕಾಣುತ್ತದೆ. ಜೀವಕೋಶಗಳ ಕೆಲಸದಲ್ಲಿ ಈ ಅಗಲ 25ರಿಂದ 60 ನ್ಯಾನೊಮೀಟರ್ ಇರುವುದು ವಾಡಿಕೆ. ಗಟ್ಟಿಂಗನ್ ವಿಶ್ವವಿದ್ಯಾಲಯದ ಗುಂಟರ್ ಶ್ಮಾಲ್ ಮತ್ತು ಡೀಟ್‌ಬರ್ಟ್ ರುಡಾಲ್ಫ್ 1970ರ ದಶಕದಲ್ಲಿ ಇಂಥ ಫಲಕಗಳನ್ನು ಸಿಂಕ್ರೊಟ್ರಾನ್ ಕಿರಣಕ್ಕೆ ಜೋಡಿಸಿದರು. ಉಂಗುರಾಕಾರದ ಕೊಳವೆಯಲ್ಲಿ ಬೆಳಕಿನ ವೇಗದ ಸಮೀಪ ಸುತ್ತುವ ಎಲೆಕ್ಟ್ರಾನುಗಳು ಬಾಗುವಾಗ ಸೂಸುವ ಈ ಕಿರಣದ ಪ್ರಖರತೆ ಇಲ್ಲದಿದ್ದರೆ ವಲಯ ಫಲಕದ ಚಿತ್ರಕ್ಕೆ ಬೇಕಾದಷ್ಟು ಬೆಳಕೇ ಸಿಗುತ್ತಿರಲಿಲ್ಲ.

ರಕ್ತಕಣದ ಮಟ್ಟಿಗೆ ಒಂದು ಹಳೆಯ ಪ್ರಯೋಗವನ್ನು ಬಿಡುವಂತಿಲ್ಲ. 1985ರಲ್ಲಿ ಐಬಿಎಂ ಪ್ರಯೋಗಾಲಯದ ರಾಲ್ಫ್ ಫೆಡರ್, ಡೇವಿಡ್ ಸೇಯರ್ ಮತ್ತು ಸಂಗಡಿಗರು ಮನುಷ್ಯನ ಜೀವಂತ ಪ್ಲೇಟ್‌ಲೆಟ್‌ಗಳನ್ನು ಕ್ಷ-ಕಿರಣದ ಒಂದೇ ಮಿಂಚಿನಲ್ಲಿ ಚಿತ್ರಿಸಿದರು. ಮಸೂರವಿರಲಿಲ್ಲ, ಗೋಬಿಯ ಹಾಗೆ ತಾಗಿಸಿ ಹಿಡಿದ ನೆರಳು. ಕಿರಣದ ಪೆಟ್ಟಿನಿಂದ ಕಣ ಕೆಡುತ್ತದೆ, ಆದರೆ ಕೆಡುವ ಮುಂಚೆಯೇ ಚಿತ್ರ ಮುಗಿದಿರುತ್ತದೆ ಎಂಬುದು ಅವರ ಯೋಚನೆ. ಹೊಸ ತಲೆಮಾರಿನ ಕ್ಷ-ಕಿರಣ ಲೇಸರುಗಳು ದುಡಿಯುತ್ತಿರುವುದು ಇದೇ ಯೋಚನೆಯ ಮೇಲೆ.

ಹೆಪ್ಪುಗಟ್ಟಿಸುವುದು, ತಿರುಗಿಸುವುದು

ಒಂದು ಚೊಕ್ಕ ಚಿತ್ರಕ್ಕೆ ಕಣ ಹೀರುವ ವಿಕಿರಣ ಹತ್ತು ಲಕ್ಷ ಗ್ರೇ ದಾಟುತ್ತದೆ. ಮನುಷ್ಯನ ಮೈಗೆಲ್ಲ ಒಮ್ಮೆಲೇ 5 ಗ್ರೇ ತಾಗಿದರೂ ಪ್ರಾಣಕ್ಕೆ ಅಪಾಯ. ಕೋಣೆಯ ಉಷ್ಣತೆಯಲ್ಲಿ ಕಣ ಚಿತ್ರದ ನಡುವೆಯೇ ಸುಕ್ಕಿ, ಕರಗಿ ಹೋಗುತ್ತದೆ. 1990ರ ದಶಕದಲ್ಲಿ ಪರಿಹಾರವಾಗಿ ಬಂದದ್ದು ಹಠಾತ್ ಶೀತಲೀಕರಣ. ರಕ್ತದ ಹನಿಯನ್ನು ಹಿಡಿದ ಜಾಲರಿಯನ್ನು ದ್ರವ ಈಥೇನಿನಲ್ಲೋ ಪ್ರೊಪೇನಿನಲ್ಲೋ ಥಟ್ಟನೆ ಮುಳುಗಿಸುತ್ತಾರೆ. ನೀರಿಗೆ ಹರಳುಗಟ್ಟಲು ಬಿಡುವು ಸಿಗದೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಕಣ ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೆಯೇ ನಿಲ್ಲುತ್ತದೆ. ಈ ವಿದ್ಯೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಪಳಗಿಸಿದ ಜಾಕ್ ದ್ಯುಬೊಷೆಗೆ 2017ರ ನೊಬೆಲ್‌ನಲ್ಲಿ ಪಾಲು ದೊರೆಯಿತು.

ಮುಂದಿನ ಹೆಜ್ಜೆ ಟೊಮೊಗ್ರಫಿ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಲ್ಲಿ ಯಂತ್ರ ರೋಗಿಯ ಸುತ್ತ ತಿರುಗಿದರೆ ಇಲ್ಲಿ ಕಣವೇ ಕಿರಣದ ಮುಂದೆ ತಿರುಗುತ್ತದೆ. ಕೋನ ಕೋನಕ್ಕೂ ತೆಗೆದ ಚಿತ್ರಗಳಿಂದ ಕಂಪ್ಯೂಟರು ಮೂರು ಆಯಾಮದ ಕಣವನ್ನು ಕಟ್ಟಿಕೊಡುತ್ತದೆ. ಚಪ್ಪಟೆ ಜಾಲರಿಯನ್ನು ಎರಡೂ ಕಡೆಗೆ 60-70 ಡಿಗ್ರಿಗಿಂತ ಹೆಚ್ಚು ವಾಲಿಸಲಾಗದು, ಆದ್ದರಿಂದ ಒಂದು ಬೆಣೆಯಷ್ಟು ಮಾಹಿತಿ ತಪ್ಪಿಹೋಗುತ್ತದೆ. ಬರ್ಕ್ಲಿಯ ರಾಷ್ಟ್ರೀಯ ಕ್ಷ-ಕಿರಣ ಟೊಮೊಗ್ರಫಿ ಕೇಂದ್ರದಲ್ಲಿ ಕ್ಯಾರೊಲಿನ್ ಲ್ಯಾರಾಬೆಲ್ ಮತ್ತು ಮಾರ್ಕ್ ಲೆ ಗ್ರೋ ಕಣಗಳನ್ನು ಕೂದಲಿಗಿಂತ ಸಣ್ಣ ತುದಿಯ ಗಾಜಿನ ಕೊಳವೆಗೆ ಏರಿಸಿ ಪೂರ್ತಿ 180 ಡಿಗ್ರಿ ತಿರುಗಿಸುವ ವ್ಯವಸ್ಥೆ ಮಾಡಿದರು. ರಕ್ತಕಣಗಳು ಬಿಡಿಬಿಡಿಯಾಗಿ ದ್ರವದಲ್ಲಿ ತೇಲುವಂಥವಾದ್ದರಿಂದ ಈ ಕೊಳವೆ ಅವಕ್ಕೆ ಹೇಳಿ ಮಾಡಿಸಿದಂತಿದೆ. ಯುರೋಪಿನಲ್ಲಿ ಬರ್ಲಿನ್ನಿನ ಬೆಸ್ಸಿ-2, ಬಾರ್ಸಿಲೋನಾದ ಆಲ್ಬಾ, ಇಂಗ್ಲೆಂಡಿನ ಡೈಮಂಡ್ ಕೇಂದ್ರಗಳಲ್ಲಿ ಇಂಥ ಸೌಲಭ್ಯಗಳಿವೆ.

ಮಲೇರಿಯಾ: ಮುಖ್ಯ ಕ್ಷೇತ್ರ

ಈ ವಿಧಾನ ರಕ್ತವಿಜ್ಞಾನಕ್ಕೆ ಕೊಟ್ಟದ್ದರಲ್ಲಿ ಹಿರಿಯ ಪಾಲು ಮಲೇರಿಯಾದ್ದು. ಪ್ಲಾಸ್ಮೋಡಿಯಮ್ ಫಾಲ್ಸಿಪ್ಯಾರಮ್ ಎಂಬ ಪರಾವಲಂಬಿ ಕೆಂಪು ಕಣದೊಳಗೆ ಸುಮಾರು 48 ಗಂಟೆ ಬಾಳುತ್ತದೆ. ಅಷ್ಟರಲ್ಲಿ ಕಣದ ಹಿಮೋಗ್ಲೋಬಿನ್ನಿನ ಬಹುಭಾಗವನ್ನು ತಿಂದು, 16ರಿಂದ 32 ಮರಿಗಳಾಗಿ ಒಡೆದು, ಕಣವನ್ನು ಸೀಳಿ ಹೊರಬರುತ್ತದೆ. ತಿಂದ ಹಿಮೋಗ್ಲೋಬಿನ್ನಿನಿಂದ ಉಳಿಯುವ ಹೀಮ್ ಪರಾವಲಂಬಿಗೇ ವಿಷ. ಅದು ಆ ವಿಷವನ್ನು ತನ್ನ ಜೀರ್ಣಚೀಲದೊಳಗೆ ಹೀಮೋಜೋಯಿನ್ ಎಂಬ ಕಂದು ಹರಳಾಗಿ ಕಟ್ಟಿಡುತ್ತದೆ. 1880ರಲ್ಲಿ ಲಾವರಾನ್ ಅಲ್ಜೀರಿಯಾದಲ್ಲಿ ಸೈನಿಕರ ರಕ್ತದಲ್ಲಿ ಪರಾವಲಂಬಿಯನ್ನು ಕಂಡಾಗಲೂ, 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯನ್ನು ಬಗೆದಾಗಲೂ ಕಣ್ಣಿಗೆ ಗುರುತಾದದ್ದು ಈ ಕಂದು ಚುಕ್ಕೆಗಳೇ.

ಸೋಂಕು ತಗಲಿದ ಕಣದ ಟೊಮೊಗ್ರಾಮಿನ ಒಂದು ಅಡ್ಡಛೇದವನ್ನು ನೋಡಿದರೆ ಇದೆಲ್ಲ ಒಮ್ಮೆಗೇ ಎದುರಾಗುತ್ತದೆ. ಹೊರವಲಯದಲ್ಲಿ ಹಿಮೋಗ್ಲೋಬಿನ್ನಿನ ಒಂದೇ ಸಮನಾದ ಗಾಢ ಬೂದು. ಅದರೊಳಗೆ ಪರಾವಲಂಬಿಯ ಒಡಲು ತುಸು ತಿಳಿ. ಅಲ್ಲಿ ಪ್ರೋಟೀನು ಅಷ್ಟು ದಟ್ಟವಾಗಿಲ್ಲ. ಒಡಲಿನ ಒಂದು ಮಗ್ಗುಲಲ್ಲಿ ಜೀರ್ಣಚೀಲ, ಅದರಲ್ಲಿ ಎಲ್ಲಕ್ಕಿಂತ ಕಪ್ಪಾದ ಹರಳು ಕಡ್ಡಿಗಳು. ಕೊಬ್ಬಿನ ಹನಿಗಳು ದುಂಡಗೆ, ಕಪ್ಪಗೆ. ಕೊನೆಯ ಹಂತದ ಕಣವಾದರೆ ಮರಿಗಳನ್ನು, ಹಲಸಿನ ಹಣ್ಣನ್ನು ಕೊಯ್ಯದೆಯೇ ಒಳಗಿನ ತೊಳೆಗಳನ್ನು ಎಣಿಸಿದ ಹಾಗೆ, ಒಂದೊಂದಾಗಿ ಎಣಿಸಬಹುದು.

ಮೊದಲ ದೊಡ್ಡ ಹೆಜ್ಜೆ 1997ರದು. ಬರ್ಕ್ಲಿಯಲ್ಲಿ ವರ್ನರ್ ಮೈಯರ್-ಇಲ್ಸ ಕಟ್ಟಿದ ಎಕ್ಸ್‌ಎಂ-1 ಸೂಕ್ಷ್ಮದರ್ಶಕದಲ್ಲಿ ಮಗೋವನ್ ಮತ್ತು ಸಂಗಡಿಗರು, ಕೆಂಪು ಕಣದ ಪೊರೆಯ ತಜ್ಞ ಮೋಹನದಾಸ್ ನಾರ್ಲಾ ಅವರೂ ಸೇರಿ, ಸೋಂಕಿತ ಕಣಗಳನ್ನು ಬಣ್ಣವಿಲ್ಲದೆ ಇಡಿಯಾಗಿ ನೋಡಿದರು. ಹಿಮೋಗ್ಲೋಬಿನ್ನನ್ನು ಕತ್ತರಿಸುವ ಪ್ರೋಟಿಯೇಸ್ ಕಿಣ್ವವನ್ನು ಔಷಧದಿಂದ ತಡೆದಾಗ ಜೀರ್ಣಚೀಲದಲ್ಲಿ ಅರಗದ ವಸ್ತು ಗುಡ್ಡೆಯಾದದ್ದು ಚಿತ್ರದಲ್ಲಿ ಕಂಡಿತು. ಇದಕ್ಕಿಂತ ಮಹತ್ವದ ಫಲಿತಾಂಶ ಇನ್ನೊಂದು. ಪೊರೆಯ ಅಡಿಯ ಹಂದರದಲ್ಲಿರಬೇಕಾದ 4.1 ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರ ಕೆಂಪು ಕಣಗಳಲ್ಲಿ ಬೆಳೆದ ಪರಾವಲಂಬಿಗಳು ವಿಕಾರವಾಗಿದ್ದವು. ಅವು ಆಮೇಲೆ ಆರೋಗ್ಯವಾದ ಕಣಕ್ಕೆ ಸೇರಿದರೂ ಆ ಪೀಳಿಗೆಯಲ್ಲೂ ವಿಕಾರ ಉಳಿದಿತ್ತು. ಆತಿಥೇಯ ಕಣದ ಪೊರೆ ಪರಾವಲಂಬಿಯ ಮೈಕಟ್ಟನ್ನು ತಿದ್ದುತ್ತದೆ ಎಂಬುದು ಹೀಗೆ ಮೊದಲ ಬಾರಿಗೆ ತಿಳಿಯಿತು. ಮೈಯರ್-ಇಲ್ಸ 1999ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಈ ಕ್ಷೇತ್ರದ ಕಿರಿಯ ವಿಜ್ಞಾನಿಗಳಿಗೆ ಕೊಡುವ ಪ್ರಶಸ್ತಿ ಅವರ ಹೆಸರಿನಲ್ಲಿದೆ.

2012ರಲ್ಲಿ ಎರಿಕ್ ಹ್ಯಾನ್ಸೆನ್, ಲೀಯಾನ್ ಟಿಲ್ಲಿ ಮತ್ತು ಲ್ಯಾರಾಬೆಲ್ ತಂಡದವರು ಇಂಥ ಸೋಂಕಿತ ಕಣಗಳನ್ನು ಹೆಪ್ಪುಗಟ್ಟಿಸಿ ಟೊಮೊಗ್ರಫಿಗೆ ಒಡ್ಡಿ, ಪರಾವಲಂಬಿಯ ಹಂತ ಹಂತಕ್ಕೂ ಕಣದ ಗಾತ್ರವನ್ನೂ ಉಳಿದ ಹಿಮೋಗ್ಲೋಬಿನ್ನನ್ನೂ ಸೇರಿದ ಹೀಮೋಜೋಯಿನ್ನನ್ನೂ ಅಳೆದರು. ಒಳಗೊಂದು ಜೀವ ಉಬ್ಬುತ್ತಿದ್ದರೂ ಕಣ ಅವಧಿಗೆ ಮುನ್ನ ಒಡೆಯದೆ ಹೇಗೆ ನಿಲ್ಲುತ್ತದೆ ಎಂಬ ಹಳೆಯ ಪ್ರಶ್ನೆಗೆ ಊಹೆಯ ಬದಲು ಅಂಕಿಗಳು ಸಿಕ್ಕವು. ಅದೇ ವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸೆರ್ಗೆ ಕಪಿಶ್ನಿಕೋವ್, ಲೆಸ್ಲಿ ಲೈಸೆರೊವಿಟ್ಜ್ ಮೊದಲಾದವರು ಹೀಮೋಜೋಯಿನ್ ಹರಳುಗಳು ಜೀರ್ಣಚೀಲದ ನಡುವೆ ಎಲ್ಲೆಂದರಲ್ಲಿ ಹುಟ್ಟದೆ, ಅದರ ಒಳಪೊರೆಗೆ ಅಂಟಿಕೊಂಡು ನಿಶ್ಚಿತ ದಿಕ್ಕಿನಲ್ಲಿ ಬೆಳೆಯುತ್ತವೆ ಎಂದು ತೋರಿಸಿದರು.

ಇಲ್ಲಿಂದ ಔಷಧದ ಪ್ರಶ್ನೆಗೆ ದಾರಿಯಾಯಿತು. ಕ್ಲೋರೊಕ್ವಿನ್ ಹರಳಿನ ಬೆಳವಣಿಗೆಯನ್ನು ತಡೆದು ಪರಾವಲಂಬಿಯನ್ನು ಅದರ ವಿಷದಿಂದಲೇ ಕೊಲ್ಲುತ್ತದೆ ಎಂಬ ವಾದ ಬಹಳ ಕಾಲದ್ದು. ಜೀವಂತ ಕಣದೊಳಗೆ ಔಷಧವನ್ನು ಕಂಡವರಿರಲಿಲ್ಲ. 2019ರಲ್ಲಿ ಪ್ರಕಟವಾದ ಕೆಲಸದಲ್ಲಿ ಕಪಿಶ್ನಿಕೋವ್ ತಂಡ, ಕ್ಲೋರೊಕ್ವಿನ್ ಜಾತಿಯ ಕ್ವಿನೊಲಿನ್ ಔಷಧಕ್ಕೆ ಬ್ರೋಮಿನ್ ಪರಮಾಣು ಜೋಡಿಸಿದ ಬ್ರೋಮೊಕ್ವಿನನ್ನು ಸೋಂಕಿತ ಕಣಗಳಿಗೆ ಕೊಟ್ಟಿತು. ಗಡುಸು ಕ್ಷ-ಕಿರಣ ತಾಗಿದಾಗ ಪ್ರತಿಯೊಂದು ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ಹೊಮ್ಮಿಸುತ್ತದೆ. ಕಬ್ಬಿಣದ್ದು 6,400 ಎಲೆಕ್ಟ್ರಾನ್ ವೋಲ್ಟ್. ಬ್ರೋಮಿನ್ನಿನದು ಅದರಿಂದ ಬಲು ದೂರ. ಈ ಪ್ರತಿದೀಪ್ತಿಯ ನಕ್ಷೆಯನ್ನೂ ಮೃದು ಕಿರಣದ ಟೊಮೊಗ್ರಾಮನ್ನೂ ಒಂದರ ಮೇಲೊಂದು ಇಟ್ಟಾಗ, ಬ್ರೋಮಿನ್ ಜೀರ್ಣಚೀಲದಲ್ಲಿ ಕೂಡಿಕೊಂಡು ಹರಳಿನ ಮೈಗೆ ಮುಚ್ಚಳದಂತೆ ಕುಳಿತ ಚಿತ್ರ ಸಿಕ್ಕಿತು. ಈ ಕ್ಷೇತ್ರದಲ್ಲಿ ಇದುವರೆಗೆ ನಡೆದ ಪ್ರಯೋಗಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ ಕೊಡಬೇಕು. ಪರಾವಲಂಬಿ ಹೊರಬರುವ ಕೊನೆಯ ನಿಮಿಷಗಳನ್ನು ಲಂಡನ್ನಿನ ಹೆಲೆನ್ ಸೈಬಿಲ್ ಮತ್ತು ಮೈಕಲ್ ಬ್ಲ್ಯಾಕ್‌ಮನ್ ತಂಡ 2017ರಲ್ಲಿ ಬಿಡಿಸಿ ತೋರಿಸಿತು: ಪರಾವಲಂಬಿಯನ್ನು ಸುತ್ತುವರಿದ ಒಳಚೀಲ ಮೊದಲು ತೂತಾಗಿ ಹರಿಯುತ್ತದೆ, ಆಮೇಲೆ ಕಣದ ಹಂದರ ಕುಸಿಯುತ್ತದೆ.

ಇವೆಲ್ಲ ಫಾಲ್ಸಿಪ್ಯಾರಮ್ ಮೇಲಿನ ಕೆಲಸಗಳು ಎಂಬುದನ್ನು ಮರೆಯಬಾರದು. ಟ್ರೇಗರ್ ಮತ್ತು ಜೆನ್ಸನ್ 1976ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಎಡೆಬಿಡದೆ ಬೆಳೆಸುವ ದಾರಿ ಕಂಡುಕೊಂಡದ್ದರಿಂದ ಬೇಕಾದಾಗ ಬೇಕಾದ ಹಂತದ ಕಣ ಸಿಗುತ್ತದೆ. ಮಂಗಳೂರಿನಲ್ಲಿ ಬಹುಕಾಲ ಜನರನ್ನು ಕಾಡಿದ ವೈವಾಕ್ಸ್ ಎಂಬ ಇನ್ನೊಂದು ಮಲೇರಿಯಾ ಪರಾವಲಂಬಿ ಎಳೆಯ ಕೆಂಪು ಕಣಗಳನ್ನೇ ಅರಸುವಂಥದು. ಅದನ್ನು ಹಾಗೆ ಬೆಳೆಸಲು ಬರುವುದಿಲ್ಲ. ಭಾರತಕ್ಕೆ ತೀರ ಹತ್ತಿರದ ಈ ಪರಾವಲಂಬಿಯ ಒಳಚಿತ್ರ ಅಷ್ಟರಮಟ್ಟಿಗೆ ತೆಳುವಾಗಿಯೇ ಉಳಿದಿದೆ.

ಸಿಕಲ್ ಸೆಲ್ ರೋಗ ಮತ್ತು ಬಿಳಿ ಕಣಗಳು

ಬೀಟಾ ಸರಪಣಿಯ ಆರನೆಯ ಸ್ಥಾನದಲ್ಲಿ ಒಂದು ಅಮೈನೊ ಆಮ್ಲ ಬದಲಾದ ಹಿಮೋಗ್ಲೋಬಿನ್, ಆಮ್ಲಜನಕ ಬಿಟ್ಟುಕೊಟ್ಟಾಗ ಒಂದಕ್ಕೊಂದು ಹೆಣೆದು ನಾರುಗಳಾಗುತ್ತದೆ. ಕಣ ಕುಡುಗೋಲಿನಂತೆ ಬಾಗುತ್ತದೆ. ಭಾರತದಲ್ಲಿ ಈ ರೋಗ 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಮೊದಲು ವರದಿಯಾಯಿತು. ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು ಜಿಲ್ಲೆಗಳ ಕಾಡಂಚಿನ ಸೋಲಿಗರು ಮತ್ತಿತರ ಸಮುದಾಯಗಳಲ್ಲಿ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭಿಸಿತು.

ಲ್ಯಾರಾಬೆಲ್ ತಂಡ 2016ರಲ್ಲಿ ಬಾಗಿದ ಕಣಗಳನ್ನು ಟೊಮೊಗ್ರಫಿಯಲ್ಲಿ ನೋಡಿ, ಪ್ರತಿ ಕಣದ ಗಾತ್ರವನ್ನೂ ಅದರಿಂದ ಚಾಚಿದ ಮುಳ್ಳುಗಳ ಸಂಖ್ಯೆಯನ್ನೂ ಲೆಕ್ಕ ಹಾಕಿತು. ಎರಡಕ್ಕೂ ನಂಟಿರುವುದು ಕಂಡುಬಂದು, ಬಾಗುವಿಕೆಯನ್ನು ಹಂತಗಳಾಗಿ ವಿಂಗಡಿಸಲು ಅನುಕೂಲವಾಯಿತು. ಸ್ಫಿಂಗೊಸಿನ್ ಕೈನೇಸ್-1 ಎಂಬ ಕಿಣ್ವವನ್ನು ತಡೆಯುವ ಒಂದು ರಾಸಾಯನಿಕ ಬಾಗುವಿಕೆಯನ್ನು ತಡಮಾಡಿಸುತ್ತದೆ ಎಂಬ ಸೂಚನೆಯೂ ಅದರಿಂದಲೇ ದೊರೆಯಿತು. ಸುಮಾರು 20 ನ್ಯಾನೊಮೀಟರ್ ದಪ್ಪದ ಬಿಡಿ ನಾರು ಈ ಚಿತ್ರಗಳಲ್ಲಿ ಕಾಣಸಿಗದು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಬಿಳಿ ಕಣಗಳಲ್ಲಿ ಗಮನವೆಲ್ಲ ನ್ಯೂಕ್ಲಿಯಸ್ಸಿನ ಮೇಲೆ. ಒತ್ತಾಗಿ ಮಡಿಚಿದ ಕ್ರೊಮ್ಯಾಟಿನ್ ಹೆಚ್ಚು ಹೀರುತ್ತದೆ, ಬಿಚ್ಚಿಕೊಂಡದ್ದು ಕಡಿಮೆ. ಹೆಣ್ಣು ಇಲಿಯ ಲಿಂಫೊಸೈಟ್ ವಂಶದ ಕೋಶಗಳಲ್ಲಿ, ಕೆಲಸ ನಿಲ್ಲಿಸಿದ ಎಕ್ಸ್ ವರ್ಣತಂತುವನ್ನು ಶೀತಲ ಪ್ರತಿದೀಪ್ತಿಯಿಂದ ಗುರುತಿಸಿ ಅದರ ದಟ್ಟಣೆಯನ್ನು ಕ್ಷ-ಕಿರಣದಿಂದ ಅಳೆದಿದ್ದಾರೆ.

ಮಿತಿಗಳು

ಹೆಪ್ಪುಗಟ್ಟಿದ ಕಣ ಮತ್ತೆ ಬದುಕುವುದಿಲ್ಲ. ಪರಾವಲಂಬಿಯ 48 ಗಂಟೆಗಳ ಕಥೆ ಒಂದೇ ಕಣದ್ದಲ್ಲ. ಬೇರೆ ಬೇರೆ ಗಂಟೆಗಳಲ್ಲಿ ನಿಲ್ಲಿಸಿದ ಬೇರೆ ಬೇರೆ ಕಣಗಳನ್ನು ಸಾಲಾಗಿ ಇಟ್ಟು ಓದಿದ್ದು. ಕಣದಿಂದ ಕಣಕ್ಕೆ ಸಹಜವಾಗಿಯೇ ವ್ಯತ್ಯಾಸವಿರುವುದರಿಂದ ಸಂಖ್ಯೆ ಮುಖ್ಯವಾಗುತ್ತದೆ. ಆಸ್ಪತ್ರೆಯ ಕೌಂಟರ್ ಯಂತ್ರ ಒಂದು ನಿಮಿಷದಲ್ಲಿ ಸಾವಿರಾರು ಕಣಗಳನ್ನು ಎಣಿಸಿದರೆ ಇಲ್ಲಿ ಒಂದು ಕಣದ ಟೊಮೊಗ್ರಾಮಿಗೇ ಹಲವು ನಿಮಿಷ ಬೇಕು. ಚಿತ್ರದ ಭಾಗಗಳನ್ನು ಗುರುತಿಸಿ ಬೇರ್ಪಡಿಸಲು ಅದಕ್ಕಿಂತ ಹೆಚ್ಚು ಹೊತ್ತು. ಆದ್ದರಿಂದ ರೋಗ ಪತ್ತೆಗೆ ಈ ವಿಧಾನವನ್ನು ಹೂಡುವ ಮಾತು ಸದ್ಯಕ್ಕೆ ಸಲ್ಲದು. ರೋಗ ನಡೆಯುವ ಬಗೆಯನ್ನೂ ಔಷಧ ಕೆಲಸ ಮಾಡುವ ಜಾಗವನ್ನೂ ತಿಳಿಯಲು ಮಾತ್ರ ಇದು ಸರಿಸಾಟಿಯಿಲ್ಲದ್ದು.

ಸಿಂಕ್ರೊಟ್ರಾನ್ ಬೇಕೆಂಬುದು ಇನ್ನೊಂದು ಕಟ್ಟು. ರಕ್ತದ ಮಾದರಿ ಹಿಡಿದು ದೂರದ ಕೇಂದ್ರಕ್ಕೆ ಹೋಗಿ, ಹಂಚಿಕೊಟ್ಟ ದಿನಗಳೊಳಗೆ ಕೆಲಸ ಮುಗಿಸಬೇಕು. ಇದನ್ನು ಸಡಿಲಿಸಲು ಸ್ಟಾಕ್‌ಹೋಮಿನಲ್ಲೂ ಡಬ್ಲಿನ್ನಿನಲ್ಲೂ ಲೇಸರ್ ಹೊಡೆತದಿಂದ ಹುಟ್ಟುವ ಪ್ಲಾಸ್ಮಾವನ್ನೇ ಮೃದು ಕ್ಷ-ಕಿರಣದ ಮೂಲವಾಗಿಸಿ, ಒಂದು ಕೋಣೆಯಲ್ಲಿ ಹಿಡಿಸುವ ಸೂಕ್ಷ್ಮದರ್ಶಕಗಳನ್ನು ಕಟ್ಟಿದ್ದಾರೆ. ಸಿಂಕ್ರೊಟ್ರಾನಿನ ಪ್ರಖರತೆ ಅವಕ್ಕಿಲ್ಲ, ಒಂದು ಚಿತ್ರಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಕಣವನ್ನು ಬೆಳೆಸುವ, ಹೆಪ್ಪುಗಟ್ಟಿಸುವ, ಚಿತ್ರಿಸುವ ಕೆಲಸಗಳು ಒಂದೇ ಸೂರಿನಡಿ ನಡೆಯಬಹುದು. ಬೆಳೆಸಲು ಬಾರದ ವೈವಾಕ್ಸ್‌ನಂಥ ಪರಾವಲಂಬಿಯನ್ನು ರೋಗಿಯ ರಕ್ತದಿಂದ ಆಗತಾನೆ ತೆಗೆದು ನೋಡಲು ಇಂಥ ಉಪಕರಣವೇ ಹೆಚ್ಚು ಅನುಕೂಲ.